ಕೇಳಿಸಿದಷ್ಟನ್ನೇ ಬರೆಯಿರಿ

ಭೀಮಮ್ಮ ಒಂದೇ ತಿಂಗಳಲ್ಲಿ ಮೂರನೇ ಸಲ ಕಲ್ಯಾಣದಿಂದ ಡೊಂಬಿವಲಿಗೆ ಬಂದು, ಕಿವಿಯಿಂದ ಶ್ರವಣಯಂತ್ರ ಕಳಚಿ ಅಶ್ಮಿತಾಳ ಮೇಜಿನ ಮೇಲಿಟ್ಟರು.

"ಇದು ಮನ್ಯಾಗ ಛಲೋ ಕೆಲಸ ಮಾಡತೈತಿ. ಲೋಕಲ್ ರೈಲಿನ್ಯಾಗೂ ಮಾಡತೈತಿ. ಭಾಜಿ ಮಾರೋವ ಮೆಲ್ಲಕ ಬೈದ್ರೂ ಕೇಳಸ್ತೈತಿ. ಚರ್ಚಿನ್ಯಾಗ ಹೋಗಿ ಕುಂತ್ರ ಮಾತ್ರ ಇದಕ್ಕೂ ಕಿವುಡು ಬರತೈತಿ ನೋಡವಾ."

ಅಶ್ಮಿತಾ ಯಂತ್ರವನ್ನು ಕೈಗೆತ್ತಿಕೊಂಡಳು. ಹಿಂದಿನ ಎರಡು ಸಲ ಅವಳು ಅದರ ಜೋಡಣೆಯನ್ನು ಸ್ವಲ್ಪ ಬದಲಿಸಿ, "ಅಭ್ಯಾಸ ಆಗ್ಬೇಕು ಅಮ್ಮ, ಸ್ವಲ್ಪ ದಿನ ತಾಳ್ಮೆ ಬೇಕು" ಎಂದು ಹೇಳಿ ಕಳಿಸಿದ್ದಳು. ಎಂಟು ವರ್ಷದಿಂದ ಮಾನಪಾಡಾ ರಸ್ತೆಯ ಈ ಎರಡು ಕೋಣೆಗಳ ಕ್ಲಿನಿಕ್ಕಿನಲ್ಲಿ ಅವಳು ಕಿವಿ ಪರೀಕ್ಷೆ ಮಾಡುತ್ತಿದ್ದಾಳೆ. ಬೋರ್ಡಿನಲ್ಲಿ ಮರಾಠಿಯ ಕೆಳಗೆ ಒಂದು ಸಾಲು ಕನ್ನಡವೂ ಇರುವುದರಿಂದ ಆಸುಪಾಸಿನ ಕನ್ನಡದ ಮುದುಕರೆಲ್ಲ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಅವಳ ತಂದೆ ತಾಯಿ ಕಾಪು ಕಡೆಯವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ. ಕನ್ನಡವನ್ನು ಅವಳು ಅರ್ಧ ತಾಯಿಯಿಂದ ಕಲಿತಿದ್ದರೆ ಇನ್ನರ್ಧವನ್ನು ಈ ಮುದುಕರಿಂದಲೇ ಕಲಿತಿದ್ದಳು.

"ಬನ್ನಿ, ಇನ್ನೊಮ್ಮೆ ನೋಡುವ" ಎಂದು ಭೀಮಮ್ಮನನ್ನು ಗಾಜಿನ ಬಾಗಿಲಿನ ಸದ್ದಿಲ್ಲದ ಕೋಣೆಯೊಳಗೆ ಕೂರಿಸಿದಳು. ಹೊರಗಿನಿಂದ ಇಪ್ಪತ್ತು ಶಬ್ದ ಓದಿದಳು. ಭೀಮಮ್ಮ ಒಂದೊಂದನ್ನೂ ತಿರುಗಿ ಹೇಳಿದರು. ಇಪ್ಪತ್ತರಲ್ಲಿ ಹದಿನೆಂಟು ಸರಿ. ಎಪ್ಪತ್ತೊಂದರ ಕಿವಿಗೆ ಇದಕ್ಕಿಂತ ಹೆಚ್ಚೇನು ಬೇಕು?

"ಅಮ್ಮ, ಚರ್ಚಲ್ಲಿ ನಿಮಗೆ ಎಂಥ ಕೇಳ್ತದೆ? ಏನೂ ಇಲ್ವಾ?"

ಇಷ್ಟು ದಿನ ಈ ಪ್ರಶ್ನೆಯನ್ನು ತಾನು ಕೇಳಿರಲೇ ಇಲ್ಲವೆಂಬುದು ಬಾಯಿಂದ ಬಂದಮೇಲೆ ಅವಳಿಗೆ ಹೊಳೆಯಿತು.

"ಸಪ್ಪಳ ಬೇಕಾದಷ್ಟು ಕೇಳಸ್ತೈತಿ. ಮಾತು ಇಲ್ಲ. ಪಾದ್ರಿ ಅವರ ಬಾಯಿ ಅಲ್ಲಿ ಹಂದ್ಯಾಡತೈತಿ, ದನಿ ಚತ್ತಿನಿಂದ ಇಳದು ಬರತೈತಿ. ಬರೂದ್ರಾಗ ಎಲ್ಲಾ ಕಲಸಿದ ಅನ್ನ ಆಗಿರತೈತಿ." ಭೀಮಮ್ಮ ದನಿ ತಗ್ಗಿಸಿದರು. "ಹೋದ ತಿಂಗಳು ಏನಾತು ಗೊತ್ತೇನು? ಆರಾಧನಿ ಮುಗಿದ ಮ್ಯಾಲೆ ಪಾದ್ರಿ ನನ್ನ ಕಡೆ ನೋಡಿ ಏನೋ ಕೇಳಿದ್ರು. ಆರಾಮ ಅದೀರೇನು ಅಂತ ಕೇಳ್ಯಾರ ಅನಕೊಂಡು ಹೂಂ ಅಂತ ಗೋಣು ಹಾಕಿದೆ. ಎಲ್ಲಾರೂ ಚಪ್ಪಾಳಿ ಹೊಡದ್ರು. ಮನಿಗೆ ಹೋಗೂ ದಾರ್‍ಯಾಗ ಗೊತ್ತಾತು, ಸುಗ್ಗಿ ಹಬ್ಬಕ್ಕ ಮುನ್ನೂರು ಹೋಳಿಗಿ ಮಾಡಾಕ ಒಪ್ಪಿಕೊಂಡೀನಿ ಅಂತ."

ಅಶ್ಮಿತಾಳಿಗೆ ನಗು ತಡೆಯಲಾಗಲಿಲ್ಲ. "ಮಾಡಿದ್ರಾ?"

"ಮಾಡದ ಏನ ಮಾಡ್ಲಿ? ಮಾತು ಕೊಟ್ಟೀನಲ್ಲ."

ರೈಲ್ವೆ ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದ ಹೆಂಗಸು. ಮೂಲ ಬೆಟಗೇರಿ. ಗಂಡ ಲೋಕೋ ಶೆಡ್ಡಿನಲ್ಲಿದ್ದವರು, ತೀರಿಕೊಂಡು ಒಂಬತ್ತು ವರ್ಷ. ಇಷ್ಟನ್ನು ಅಶ್ಮಿತಾ ಫೈಲಿನಲ್ಲಿ ಬರೆದುಕೊಂಡಿದ್ದಳು. ಅವರು ದಿನದ ಯಾವ ಹೊತ್ತಿನಲ್ಲಿ, ಎಂಥ ಜಾಗದಲ್ಲಿ ಕೂತು ಯಾರ ಮಾತು ಕೇಳಬೇಕೆಂದಿದ್ದಾರೆ ಎಂದು ಬರೆಯಲು ಫಾರ್ಮಿನಲ್ಲಿ ಜಾಗವೇ ಇರಲಿಲ್ಲ.

"ಈಗ ಕಮಿಟಿಯವರು ಹೊಸಾ ಸ್ಪೀಕರ್ ತರತಾರಂತ" ಎಂದರು ಭೀಮಮ್ಮ, ಸೆರಗು ಸರಿಮಾಡಿಕೊಳ್ಳುತ್ತ. "ನಮ್ಮ ಕಾರ್ಯದರ್ಶಿ ಪ್ರಭುದಾಸ ಅದಾರಲ್ಲ, ಅವರಿಗೆ ಆಳೆತ್ತರದ್ದು ಬೇಕು. ಗಣಪತಿ ಮೆರವಣಿಗ್ಯಾಗ ಇರತಾವಲ್ಲ, ಅಂಥಾವು. ನನಗ ಅಂಜಿಕಿ ಆಗೇತಿ. ಈಗಿಂದು ಸಣ್ಣ ಗದ್ದಲ, ಅದು ದೊಡ್ಡ ಗದ್ದಲ. ನೀ ಒಂದ್ಸಲ ಬಂದು ನೋಡತೀಯೇನು? ರವಿವಾರ ಮೂರು ಗಂಟೆಗೆ ನಮ್ಮ ಕನ್ನಡ ಆರಾಧನಿ. ಮುಂಜಾನೆ ಮರಾಠಿಯವರದು ಇರತೈತಿ."

ಬರುವುದಿಲ್ಲ ಎನ್ನಲು ಅಶ್ಮಿತಾಳ ಹತ್ತಿರ ಬೇಕಾದಷ್ಟು ಕಾರಣಗಳಿದ್ದವು. ರವಿವಾರ ಅವಳಿಗಿದ್ದ ಒಂದೇ ರಜೆ. ಹುಟ್ಟಿದಾಗಿನಿಂದ ಈ ಊರಲ್ಲಿದ್ದರೂ ಅವಳು ಚರ್ಚಿನೊಳಗೆ ಕಾಲಿಟ್ಟವಳಲ್ಲ. ಆದರೆ ಕೋಣೆಯೊಳಗೆ ಹದಿನೆಂಟು ಶಬ್ದ ಹಿಡಿದ ಕಿವಿ ಅಲ್ಲಿ ಒಂದನ್ನೂ ಹಿಡಿಯುವುದಿಲ್ಲ ಎಂದರೆ ಏನರ್ಥ? ಆ ಪ್ರಶ್ನೆ ಆಗಲೇ ಅವಳ ತಲೆಯೊಳಗೆ ಸೇರಿಕೊಂಡಾಗಿತ್ತು.

"ಬರ್ತೇನೆ" ಎಂದಳು.

*

ಕಲ್ಯಾಣದ ರೈಲ್ವೆ ಕಾಲೊನಿಯ ಆಚೆ, ಹಳಿಗಳಿಗೆ ಬೆನ್ನು ಹಾಕಿಕೊಂಡು ನಿಂತಿದ್ದ ಕರಿಕಲ್ಲಿನ ಚರ್ಚು ಅದು. ಮೆಟ್ಟಿಲ ಬಳಿ ಚಪ್ಪಲಿಗಳ ಸಾಲು ಕಂಡು ಅಶ್ಮಿತಾ ತನ್ನದನ್ನೂ ಬಿಟ್ಟಳು. ಹೊರಗಿನಿಂದ ಎಷ್ಟು ಹಳೆಯದೋ ಒಳಗೆ ಅಷ್ಟೇ ಹೊಸದು. ಬಿಳಿ ಟೈಲ್ಸು, ನುಣುಪಾದ ಗೋಡೆ, ಹಿಂದುಗಡೆ ಉದ್ದಕ್ಕೂ ದಪ್ಪ ಗಾಜಿನ ಗೋಡೆ. ಅದರಾಚೆ ಎಳೆಮಕ್ಕಳ ತಾಯಂದಿರಿಗೆಂದು ಒಂದು ಕೋಣೆ.

"ಎರಡು ವರ್ಷ ಆತು ರಿಪೇರಿ ಮಾಡಿಸಿ" ಎಂದರು ಭೀಮಮ್ಮ. "ಮೊದಲ ಮ್ಯಾಲೆ ಕಟ್ಟಿಗಿ ಹಲಗಿ ಇದ್ವು. ಗೆದ್ದಲು ಹತ್ತಿ ತಗದ್ರು."

ಅವರು ನೇರವಾಗಿ ಕೊನೆಯಿಂದ ಎರಡನೇ ಬೆಂಚಿಗೆ ಹೋಗಿ, ಬಲಗಡೆಯ ತುದಿಯಲ್ಲಿ ಕೂತರು. ಅಶ್ಮಿತಾ ಪಕ್ಕದಲ್ಲಿ ಕೂತಳು. ಮೊದಲು ಹಾಡು. ತಬಲಾ, ಹಾರ್ಮೋನಿಯಂ, ನೂರೈವತ್ತು ಕಂಠ. ಕಟ್ಟಡವೇ ಎದೆಯುಬ್ಬಿಸಿ ಹಾಡಿದಂತಿತ್ತು. ಅವಳಿಗೆ ಮೈ ಜುಮ್ಮೆಂದಿತು. ಇಷ್ಟು ಚೆನ್ನಾಗಿರುವ ಜಾಗದ ಮೇಲೆ ಈ ಮುದುಕಿ ಯಾಕೆ ದೂರುತ್ತಾಳೆ ಅಂದುಕೊಂಡಳು.

ಆಮೇಲೆ ಪಾದ್ರಿ ಎದ್ದರು. ರೆವರೆಂಡ್ ಸಂದೇಶ, ನಲವತ್ತರ ಆಸುಪಾಸು, ಮುಲ್ಕಿ ಕಡೆಯವರು, ಎರಡು ವರ್ಷದ ಹಿಂದೆ ಬಂದವರು. ಮೊದಲ ವಾಕ್ಯ ಅಶ್ಮಿತಾಳಿಗೆ ತಿಳಿಯಿತು. ಎರಡನೆಯದು ಅರ್ಧ ತಿಳಿಯಿತು. ಮೂರನೆಯದು ಬರುವಷ್ಟರಲ್ಲಿ ಎರಡನೆಯದು ಇನ್ನೂ ಸೂರಿನ ಕೆಳಗೆ ಸುತ್ತುತ್ತಿತ್ತು. ಆ, ಊ, ಓ ಮಾತ್ರ ಉಳಿದವು. ಕ, ತ, ಪ ಎಲ್ಲ ಎಲ್ಲೋ ಮುಳುಗಿಹೋದವು. ಮೂವತ್ತಾರು ವರ್ಷದ, ತಾನೇ ಪರೀಕ್ಷೆ ಮಾಡಿಕೊಂಡ ಕಿವಿ ಅವಳದು. ಆದರೂ ಐದು ನಿಮಿಷದ ನಂತರ ಪಾದ್ರಿ ಯಾವುದರ ಬಗ್ಗೆ ಮಾತಾಡುತ್ತಿದ್ದಾರೆಂದು ಕೇಳಿದ್ದರೆ ಅವಳು ಹೇಳಲಾರಳು.

ಸುತ್ತ ನೋಡಿದಳು. ಎಲ್ಲರ ಮುಖದಲ್ಲೂ ಒಂದೇ ಬಗೆಯ ಸೌಮ್ಯ ಗಮನ. ಇವರಿಗೆಲ್ಲ ಕೇಳುತ್ತಿದೆಯೋ? ಅಥವಾ ಎಲ್ಲರೂ ಹೋಳಿಗೆಗೆ ಒಪ್ಪಿಕೊಳ್ಳುವವರೋ?

ತಡೆಯಲಾರದೆ ಎದ್ದಳು. ಗೋಡೆಗೆ ಅಂಟಿಕೊಂಡು ಮೆಲ್ಲಗೆ ಮುಂದೆ ಹೋದಳು. ನಡುವಿನ ಬೆಂಚಿನ ಬಳಿ ಅದೇ ಕಲಸಿದ ಅನ್ನ. ಇನ್ನೂ ಮುಂದೆ, ತೆರೆದಿಟ್ಟಿದ್ದ ಪಕ್ಕದ ಬಾಗಿಲಿನ ಹತ್ತಿರ ಬಂದಾಗ ಮಾತು ಒಮ್ಮೆಲೇ ತಿಳಿಯಾಯಿತು. ಪಾದ್ರಿ ಕಳೆದುಹೋದ ನಾಣ್ಯವನ್ನು ಹುಡುಕುವ ಒಬ್ಬ ಹೆಂಗಸಿನ ಬಗ್ಗೆ ಹೇಳುತ್ತಿದ್ದರು. ಎರಡು ಹೆಜ್ಜೆ ಹಿಂದೆ ಸರಿದರೆ ಹೆಂಗಸೂ ಇಲ್ಲ, ನಾಣ್ಯವೂ ಇಲ್ಲ. ಅವಳು ಮುಂದೆ, ಹಿಂದೆ, ಮತ್ತೆ ಮುಂದೆ ಹೋಗುವುದನ್ನು ಕಂಡು ಒಬ್ಬ ಹಿರಿಯರು ಕೂರಲು ಜಾಗ ಕೊಟ್ಟರು.

ಆರಾಧನೆ ಮುಗಿದು ಜನ ಹೊರಗೆ ಚಹಾದ ಕಡೆ ಹೋದಮೇಲೆ ಅವಳು ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದಳು. ಸದ್ದು ಗಾಜಿಗೆ ಹೋಯಿತು, ಸೂರಿಗೆ ಹೋಯಿತು, ತಿರುಗಿ ಬಂತು. ಎರಡು ಸೆಕೆಂಡಿಗೂ ಮೇಲೆ ಉಳಿಯಿತು. ಇನ್ನೊಮ್ಮೆ ತಟ್ಟಿದಳು.

"ಯಾರ್ರೀ ಅದು?" ಎಂದು ಬಾಗಿಲಿನಿಂದ ಒಂದು ಗಡಸು ದನಿ ಬಂತು. ಕಾರ್ಯದರ್ಶಿ ಪ್ರಭುದಾಸ ಹಾದಿಮನಿ. ಲೋಕೋ ಶೆಡ್ಡಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಅವರ ಹಿಂದೆ ಪಾದ್ರಿಯವರೂ ಭೀಮಮ್ಮನೂ ಇದ್ದರು.

"ನಮ್ಮ ಕಿವಿ ಡಾಕ್ಟರು" ಎಂದರು ಭೀಮಮ್ಮ, ಹೆಮ್ಮೆಯಿಂದ.

ಪ್ರಭುದಾಸರು ಸಂಕೋಚವಿಲ್ಲದೆ ವಿಷಯಕ್ಕೆ ಬಂದರು. "ನೋಡ್ರಿ ಮೇಡಂ, ಕಾರಣ ನನಗ ಗೊತ್ತೈತಿ. ಈ ಗೋಡಿ ಮ್ಯಾಲಿನ ಸ್ಪೀಕರ್ ಡಬ್ಬಿ ಹಳೇವು. ತಾಕತ್ತಿಲ್ಲ. ಉಲ್ಹಾಸನಗರದಾಗ ನೋಡಿ ಬಂದೀನಿ, ಎರಡು ಹಚ್ಚಿದ್ರ ಸಾಕು, ಸ್ಟೇಷನ್ ಮಟ ಕೇಳಸ್ತೈತಿ."

"ಸ್ಟೇಷನ್ನಿಗೆ ಕೇಳ್ಬೇಕಾ, ಈ ಬೆಂಚಿಗೆ ಕೇಳ್ಬೇಕಾ?" ಎಂದುಬಿಟ್ಟಳು ಅಶ್ಮಿತಾ. ತಕ್ಷಣ ನಾಲಗೆ ಕಚ್ಚಿಕೊಂಡಳು.

ಪಾದ್ರಿ ನಕ್ಕರು. "ಅಲ್ಲ ಮಾರಾಯ್ರೆ, ಅವರು ಹೇಳುವುದರಲ್ಲಿ ವಿಷಯ ಉಂಟು. ಮೇಡಂ, ಮುಂದಿನ ಶನಿವಾರ ಇಬ್ಬರು ಸಾಮಾನು ತಂದು ಇಲ್ಲಿಯೇ ಹಚ್ಚಿ ತೋರಿಸುತ್ತಾರೆ. ಒಬ್ಬರು ಉಲ್ಹಾಸನಗರದವರು, ಇನ್ನೊಬ್ಬರು ವಾಶಿಯವರು, ಬೇಲಾಪುರದ ಆಫೀಸುಗಳ ಸಭಾಗೃಹಗಳಿಗೆ ಹಾಕಿಕೊಡುವವರಂತೆ. ಯಾವುದು ಒಳ್ಳೆಯದು ಅಂತ ಆರಿಸುವುದು ಹೇಗೆ, ನಮಗೆ ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತುಂಟಾ?"

ಅವಳಿಗೂ ಗೊತ್ತಿರಲಿಲ್ಲ. ಸ್ಪೀಕರಿನ ವ್ಯಾಪಾರ ಅವಳದಲ್ಲ. ಆದರೆ ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು ದಿನವೂ ಮಾಡುವ ಕೆಲಸವಲ್ಲವೇ?

"ಒಂದು ಪರೀಕ್ಷೆ ಮಾಡುವ" ಎಂದಳು. "ಸ್ಪೀಕರಿಗಲ್ಲ. ನಿಮಗೆ."

*

ಆ ವಾರವೆಲ್ಲ ಅವಳು ರೋಗಿಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಶಬ್ದಗಳ ಪಟ್ಟಿ ಮಾಡಿದಳು. ಇಪ್ಪತ್ತು ಶಬ್ದದ ಆರು ಪಟ್ಟಿ. ಕ್ಲಿನಿಕ್ಕಿನ ಹಾಲು, ಮನೆ, ಕಿಟಕಿ ಜೊತೆಗೆ ಚರ್ಚಿನಲ್ಲಿ ಕೇಳಲೇಬೇಕಾದ ಶಬ್ದಗಳೂ ಬೇಕೆನಿಸಿ ಭೀಮಮ್ಮನಿಗೆ ಫೋನು ಮಾಡಿದಳು. ಅವರು ಅರ್ಧ ಗಂಟೆ ಬಿಡದೆ ಹೇಳಿದರು. ಕುರಿ, ಮಂದೆ, ಕೃಪೆ, ಬೆಳಕು, ತಂದೆ, ಸಾಕ್ಷಿ. "ಹೋಳಿಗಿನೂ ಬರಕೋ" ಎಂದರು. ಬರೆದುಕೊಂಡಳು.

ಆ ಕೆಲಸದಲ್ಲಿ ಅವಳಿಗೆ ಇನ್ನೊಂದು ಯೋಚನೆ ಹತ್ತಿತು. ಭಜನೆಗೆ ಹೋದರೆ ಏನೂ ತಿಳಿಯುವುದಿಲ್ಲ ಎಂದು ಗೊಣಗಿದ್ದ ಠಾಣೆಯ ನಿವೃತ್ತ ಗುಮಾಸ್ತರು, ಮದುವೆ ಹಾಲಿನಲ್ಲಿ ಮೆಷಿನ್ನು ಕಳಚಿ ಪರ್ಸಿಗೆ ಹಾಕುವ ಬದಲಾಪುರದ ಟೀಚರು. ಎಲ್ಲರಿಗೂ ಅವಳು ಅದೇ ಉತ್ತರ ಕೊಟ್ಟಿದ್ದಳು, ಅಭ್ಯಾಸವಾಗಬೇಕು ಎಂದು. ಅವರು ಹೇಳಿದ ಜಾಗಗಳಿಗೆ ಒಂದು ಸಲವಾದರೂ ಹೋಗಿ ನೋಡಿದ್ದೆನೇ? ಗುರುವಾರ ಸಂಜೆ ಫಾರ್ಮು ತೆರೆದು, ಕಂಪ್ಯೂಟರಿನಲ್ಲಿ ಒಂದು ಸಾಲು ಸೇರಿಸಿದಳು. 'ಎಲ್ಲಿ ಕೇಳಿಸುವುದಿಲ್ಲ?'

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಚರ್ಚಿನಲ್ಲಿ ಹನ್ನೆರಡು ಜನ ಕಾಯುತ್ತಿದ್ದರು. ಅವಳು ಅವರನ್ನು ಮುಂದೆ, ಹಿಂದೆ, ಮೂಲೆಯಲ್ಲಿ, ಬಾಗಿಲ ಬಳಿ ಹೀಗೆ ಬೇರೆಬೇರೆ ಕಡೆ ಕೂರಿಸಿ, ಕೈಗೆ ಹಾಳೆ, ಪೆನ್ಸಿಲು ಕೊಟ್ಟಳು. ಭೀಮಮ್ಮ ತಮ್ಮ ಬೆಂಚು ಬಿಡಲೊಪ್ಪಲಿಲ್ಲ. "ಇಲ್ಲೇ ನಾನು, ನನ್ನ ಪಕ್ಕದಾಗ ನಮ್ಮ ಮನಿಯವರು ಕುಂದರತಿದ್ವಿ. ಐತಿಹಾಸಿಕ ಜಾಗಾ ಇದು" ಎಂದರು. ಪ್ರಭುದಾಸರು ನಡುವೆ ಕೂತರು.

ಉಲ್ಹಾಸನಗರದಿಂದ ಲಛ್ಮನ್‌ಭಾಯಿ ಟೆಂಪೋದಲ್ಲಿ ಎರಡು ಕಪ್ಪು ಪೆಟ್ಟಿಗೆಗಳನ್ನು ತಂದಿದ್ದರು. ಒಂದೊಂದೂ ಕಪಾಟಿನಷ್ಟಿತ್ತು. ವಾಶಿಯ ಮಾನಸಿ ಟ್ಯಾಕ್ಸಿಯಲ್ಲಿ ಬಂದಿದ್ದಳು. ಅವಳ ಹತ್ತಿರ ಇದ್ದದ್ದು ಎರಡು ತೆಳ್ಳಗಿನ ಬಿಳಿ ಕಂಬಗಳು. ಅಂಗೈ ಅಗಲ, ಒಬ್ಬ ಮನುಷ್ಯನ ಎತ್ತರ. ಅವನ್ನು ನೋಡಿ ಪ್ರಭುದಾಸರು, "ಇದೇನು, ಪರದೆ ಕಟ್ಟೂ ಕೋಲೇನು?" ಎಂದರು. ಯಾವುದು ಯಾವಾಗ ಮಾತಾಡುತ್ತದೆಂದು ಕಾಣದಿರಲಿ ಎಂದು ಅಶ್ಮಿತಾ ಎಲ್ಲದರ ಮುಂದೆ ಕ್ರಿಸ್ಮಸ್ ನಾಟಕದ ತೆಳು ಬಿಳಿ ಬಟ್ಟೆ ಕಟ್ಟಿಸಿದಳು. ಪಾದ್ರಿಯ ತುಟಿ ಓದಿ ಊಹಿಸಬಾರದೆಂದು ಅವರ ಬಾಯಿಯ ಮುಂದೆ ಹಿಡಿಯಲು ಕಸೂತಿ ಹಾಕುವ ಮರದ ಬಳೆಗೆ ಜಾಳುಬಟ್ಟೆ ಬಿಗಿದದ್ದನ್ನು ಕೊಟ್ಟಳು. ಕ್ಲಿನಿಕ್ಕಿನಲ್ಲಿ ಅವಳು ದಿನವೂ ಬಳಸುವುದು ಅದನ್ನೇ.

"ಕೇಳಿಸಿದಷ್ಟನ್ನೇ ಬರೆಯಿರಿ" ಎಂದಳು. "ಊಹೆ ಮಾಡಬೇಡಿ. ಪಕ್ಕದವರ ಹಾಳೆ ನೋಡಬೇಡಿ."

"ಏನ್ರೀ, ಮೆಟ್ರಿಕ್ ಪರೀಕ್ಷಾ ಆತಲ್ಲ" ಎಂದು ಯಾರೋ ನಕ್ಕರು.

ಮೊದಲು ಹಳೆಯ ಡಬ್ಬಿಗಳು. ಪಾದ್ರಿ ಪಟ್ಟಿ ಓದಿದರು. ಹಾಳೆಗಳು ಬಂದವು. ಅಶ್ಮಿತಾ ಪ್ರಭುದಾಸರದನ್ನು ಅವರ ಕೈಗೇ ಕೊಟ್ಟು ಗಟ್ಟಿಯಾಗಿ ಓದಿ ಎಂದಳು.

"ಉರಿ" ಎಂದರು ಪ್ರಭುದಾಸರು.

"ಕುರಿ" ಎಂದರು ಪಾದ್ರಿ, ಪಟ್ಟಿ ನೋಡಿ.

"ಕೊಳಕು."

"ಬೆಳಕು."

"ಜಾತ್ರೆ."

"ಪಾತ್ರೆ ಅದು!"

"ಹಂದಿ."

ಪಾದ್ರಿ ಪಟ್ಟಿಯ ಮೇಲೆ ಬೆರಳಿಟ್ಟರು. "ತಂದೆ" ಎಂದರು ಮೆಲ್ಲಗೆ. ಆಮೇಲೆ, ಇನ್ನೊಬ್ಬರ ಹಾಳೆಯಲ್ಲಿ ಕೃಪೆಯ ಎದುರಿಗೆ ತೊಪ್ಪೆ ಎಂದಿದ್ದದ್ದನ್ನು ಕಂಡು ಬೆಂಚಿನ ಮೇಲೆ ಕೂತೇಬಿಟ್ಟರು. "ದೇವರೇ. ಎರಡು ವರ್ಷದಿಂದ ನಾನು ಇವರಿಗೆ ಇದನ್ನೇ ಬೋಧಿಸಿದ್ದಾ?"

ಚರ್ಚು ತುಂಬ ನಗು. ಆ ನಗು ಸೂರಿಗೆ ಹೋಗಿ ಎರಡು ಪಟ್ಟಾಗಿ ತಿರುಗಿ ಬಂತು. ಸರಾಸರಿ ಇಪ್ಪತ್ತಕ್ಕೆ ಒಂಬತ್ತು.

ನಂತರ ದೊಡ್ಡ ಪೆಟ್ಟಿಗೆಗಳು. ಅಶ್ಮಿತಾ ತನ್ನ ಮೀಟರು ಹಿಡಿದು ಮೂರಕ್ಕೂ ದನಿಯ ಮಟ್ಟ ಒಂದೇ ಇರಬೇಕೆಂದು ಹಟ ಹಿಡಿದಳು. ಲಛ್ಮನ್‌ಭಾಯಿಗೆ ಅದು ಒಪ್ಪಿಗೆಯಾಗಲಿಲ್ಲ. ದನಿ ಸಮ ಮಾಡಿಬಿಟ್ಟರೆ ದೊಡ್ಡ ಪೆಟ್ಟಿಗೆ ಯಾತಕ್ಕೆ ಎಂಬುದು ಅವರ ವಾದ. "ಮೇಡಂಜೀ, ಆವಾಜ್ ಬರಾಬರ್ ಕರ್ ದಿಯಾ ತೋ ಬಡಾ ಬಾಕ್ಸ್ ಕಿಸ್ ಕಾಮ್ ಕಾ?" ಎಂದರು. ಸರಿ, ಮೊದಲು ಸಮ ದನಿಯಲ್ಲಿ, ಆಮೇಲೆ ನಿಮಗೆ ಬೇಕಾದಷ್ಟು ಎಂದು ಒಪ್ಪಂದವಾಯಿತು. ಸಮ ದನಿಯಲ್ಲಿ ಹತ್ತು ಬಂತು. ಲಛ್ಮನ್‌ಭಾಯಿ ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದರು. ಕಿಟಕಿ ಗಾಜುಗಳು ಅದುರಿದವು, ಪಾದ್ರಿಯ ದನಿ ಎದೆಗೆ ಬಡಿಯಿತು, ಪ್ರಭುದಾಸರ ಮುಖ ಅರಳಿತು. ಹಾಳೆಗಳನ್ನು ಕೂಡಿಸಿ ನೋಡಿದರೆ ಎಂಟು.

"ಕಡಿಮಿ ಆತು?" ಪ್ರಭುದಾಸರು ತಾವೇ ಹಾಳೆಗಳನ್ನು ಇಸಿದುಕೊಂಡು ಎರಡು ಸಲ ಕೂಡಿಸಿದರು. ಎಂಟೇ. "ಇಷ್ಟ ಜೋರು ಇದ್ರೂ?"

"ದನಿಯ ಜೊತೆ ಪ್ರತಿಧ್ವನಿಯೂ ಜೋರಾಗ್ತದೆ ಅಲ್ವಾ ಸರ್" ಎಂದಳು ಅಶ್ಮಿತಾ. ಹೇಳುವಾಗ ಅವಳಿಗೇ ಅಚ್ಚರಿಯಾಗಿತ್ತು. ಹೆಚ್ಚು ಬರುವುದಿಲ್ಲವೆಂದು ಅವಳು ಎಣಿಸಿದ್ದು ನಿಜ. ಇಳಿಯುತ್ತದೆಂದು ಎಣಿಸಿರಲಿಲ್ಲ.

ಮಾನಸಿಯ ಕಂಬಗಳ ಸರದಿ. ಅವು ಸೂರಿಗೆ ಎಸೆಯುವುದಿಲ್ಲ, ಕೂತವರ ತಲೆಯ ಎತ್ತರದಲ್ಲೇ ಮಾತನ್ನು ಹಾಸುತ್ತವೆ ಎಂದು ಅವಳು ಮರಾಠಿಯಲ್ಲಿ ವಿವರಿಸಿದಳು. ಹಾಳೆಗಳು ಬಂದವು. ಹದಿನಾಲ್ಕು. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಪ್ರಭುದಾಸರಿಗೇ ಹದಿನೈದು ಬಂದಿತ್ತು, ಅವರು ಹಾಳೆಯನ್ನು ಮಡಚಿ ಜೇಬಿಗಿಟ್ಟರು.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಅಶ್ಮಿತಾ ಭೀಮಮ್ಮನ ಹಾಳೆಗಳನ್ನು ಬೇರೆಯಾಗಿ ಹರಡಿಕೊಂಡು ನಿಂತಿದ್ದಳು. ಮೂರು, ನಾಲ್ಕು, ಮೂರು. ಕಂಬಗಳಿಗೆ ಆರು. ಅವರ ಮುಂದಿನ ಸಾಲಿನಲ್ಲಿ ಮೆಷಿನ್ನಿಲ್ಲದೆ ಕೂತಿದ್ದ ಅವರಿಗಿಂತ ಹಿರಿಯರೊಬ್ಬರಿಗೆ ಹನ್ನೆರಡು ಬಂದಿತ್ತು.

ಅವಳು ಹೋಗಿ ಭೀಮಮ್ಮನನ್ನು ಸರಿಸಿ ಅದೇ ತುದಿಯಲ್ಲಿ ತಾನೇ ಕೂತಳು. "ಪಾದ್ರಿಗಳೇ, ಏನಾದ್ರೂ ಹೇಳಿ." ಮಾತು ಮುಂದಿನಿಂದ ಬಂತು, ಜೊತೆಗೇ ಹಿಂದಿನಿಂದಲೂ ಬಂತು, ಕುತ್ತಿಗೆಗೆ ಬಡಿದಂತೆ. ತಿರುಗಿ ನೋಡಿದಳು. ಕೈಯಳತೆಯ ದೂರದಲ್ಲಿ ಗಾಜಿನ ಗೋಡೆ.

"ಹೀ ಕಾಚ್!" ಎಂದಳು ಮಾನಸಿ, ಗಾಜನ್ನೇ ತೋರಿಸಿ. ಇಬ್ಬರೂ ಒಂದೇ ಹೊತ್ತಿಗೆ ಅದನ್ನು ಕಂಡಿದ್ದರು. "ಇದನ್ನು ಮುಚ್ಚಬೇಕು, ದಪ್ಪ ಏನಾದರೂ ಬೇಕು" ಎಂದು ಕೈಸನ್ನೆ ಮಾಡಿದಳು. ಐದಾರು ಜನ ಎದ್ದು ಸಿಕ್ಕಿದ್ದನ್ನೆಲ್ಲ ತಂದರು. ಜಮಖಾನೆಗಳು, ಹಳೆಯ ವೇದಿಕೆಯ ಮಖಮಲ್ಲು ಪರದೆ, ರಾತ್ರಿ ಕಾವಲಿನವನ ಎರಡು ಕಂಬಳಿ. ಗಾಜಿನ ಮೇಲೆ ಅವನ್ನೆಲ್ಲ ಇಳಿಬಿಟ್ಟಾಗ ಚರ್ಚಿನ ಹಿಂಭಾಗ ದೋಬಿಘಾಟಿನಂತೆ ಕಂಡಿತು. ಐದನೆಯ ಪಟ್ಟಿ. ಪಾದ್ರಿಯ ಗಂಟಲು ಕಟ್ಟಿತ್ತು, ಆದರೂ ಓದಿದರು.

ಸರಾಸರಿ ಹದಿನೇಳು. ಭೀಮಮ್ಮನಿಗೆ ಹದಿನಾಲ್ಕು.

ಭೀಮಮ್ಮ ತಮ್ಮ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ನೋಡುತ್ತ ಕೂತರು. ಆಮೇಲೆ, "ಒಂದು ಪಟ್ಟಿ ಉಳದೈತಲ್ಲ" ಎಂದರು. "ಕೊಡಿಲ್ಲಿ. ಪಾದ್ರಿಗಳ ಗಂಟಲಾ ಬಿದ್ದು ಹೋಗೇತಿ. ನಾ ಓದತೀನಿ. ಹಳೇ ಡಬ್ಬ್ಯಾಗ ಹಚ್ಚರಿ, ಅವನ್ನೂ ಮರ್ಯಾದಿಲೆ ಬೀಳ್ಕೊಡೂಣು."

ಅದು ತಮಾಷೆಗೆಂದೇ ಆದದ್ದು. ಗಾಜಿನ ಮೇಲಿನ ಹೊದಿಕೆಗಳನ್ನೂ ಆಗಲೇ ಕೆಲವರು ಮಡಚಲು ತೆಗೆದಾಗಿತ್ತು. ಭೀಮಮ್ಮ ಮುಂದೆ ಹೋಗಿ ಮೈಕಿನ ಹಿಂದೆ ನಿಂತು, ಜಾಳುಬಟ್ಟೆಯ ಬಳೆಯನ್ನು ಬಾಯಿಗೆ ಅಡ್ಡ ಹಿಡಿದು, "ಕ...ಣ್ಣು" ಎಂದರು. ನಿಂತರು. ಸದ್ದು ಪೂರ್ತಿ ಆರುವವರೆಗೆ ಕಾದರು. ಆಮೇಲೆ "ಮ...ಳೆ". ಒಂದು ಲೋಕಲ್ ಹಿಂದಿನಿಂದ ಹಾಯ್ದುಹೋಯಿತು. ಅದು ಹೋಗುವವರೆಗೂ ಸುಮ್ಮನಿದ್ದರು. ಅವರು ಕೆಲಸ ಮಾಡಿದ ಆಸ್ಪತ್ರೆಯ ವಾರ್ಡಿನ ಕಿಟಕಿಯಾಚೆಯೂ ಹಳಿಗಳೇ ಇದ್ದವು. ನೋವಿನಲ್ಲಿರುವವರಿಗೆ, ಬೇರೆ ಭಾಷೆಯವರಿಗೆ, ಮಂಪರಿನಲ್ಲಿರುವವರಿಗೆ ತಿಳಿಯುವ ಹಾಗೆ ಮೂವತ್ತೊಂದು ವರ್ಷ ಮಾತಾಡಿದ ಬಾಯಿ ಅದು.

ಅಶ್ಮಿತಾ ಹಾಳೆಗಳನ್ನು ಕೂಡಿಸಿದಳು. ಹದಿನಾಲ್ಕು. ತಪ್ಪಾಯಿತೇನೋ ಎಂದು ಮತ್ತೆ ಕೂಡಿಸಿದಳು. ಅದೇ ಹಳೆಯ ಡಬ್ಬಿ, ಅದೇ ಬೋಳು ಗಾಜು, ಹದಿನಾಲ್ಕು.

ಪ್ರಭುದಾಸರು ಹಾಳೆಗಳ ಮೇಲೆ ಬಗ್ಗಿ ನೋಡಿದರು. "ಹಂಗಾರ ನಮಗ ಸ್ಪೀಕರ್ ಬ್ಯಾಡೇನು? ಭೀಮಮ್ಮನ್ನ ತಂದು ನಿಲ್ಲಿಸಿದ್ರ ಸಾಕೇನು?"

ಮತ್ತೆ ನಗು. ಆದರೆ ಪಾದ್ರಿ ನಗಲಿಲ್ಲ. ಅವರು ಆ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದರು. "ನಾನು ಬಹಳ ಬೇಗ ಮಾತಾಡುತ್ತೇನಾ, ಮೇಡಂ?"

ಅಶ್ಮಿತಾ ಸುತ್ತ ನೋಡಿದಳು. ಎದುರಿಗೆ ಹನ್ನೆರಡು ಜನ. ಅವರ ಗುರುಗಳು. ಅವಳು ಬೇರೆ ಮನೆಯಿಂದ ಬಂದ ಅತಿಥಿ.

"ನಮ್ಮ ಕಡೆಯವರೆಲ್ಲ ಹಾಗೇ ಅಲ್ವಾ" ಎಂದಳು. "ನಾನೂ ಹಾಗೇ. ನಿಮ್ಮ ಒಂದು ಶಬ್ದ ಇನ್ನೂ ಗಾಳಿಯಲ್ಲಿ ಇರುವಾಗಲೇ ಮುಂದಿನದು ಬಂದು ಅದರ ಮೇಲೆ ಕೂರ್ತದೆ. ಈ ಕಟ್ಟಡಕ್ಕೆ ಸ್ವಲ್ಪ ಸಮಯ ಕೊಡ್ಬೇಕು."

ಪಾದ್ರಿ ತಲೆಯಾಡಿಸಿದರು. ಆಮೇಲೆ ಭೀಮಮ್ಮನ ಕಡೆ ತಿರುಗಿ, "ಅಮ್ಮ, ನನಗೆ ಓದುವುದು ಕಲಿಸ್ತೀರಾ?" ಎಂದು ಕೇಳಿದರು. ಅವರು ಅದನ್ನು ನಿಧಾನವಾಗಿ, ಒಂದೊಂದೇ ಶಬ್ದವಾಗಿ ಕೇಳಿದ್ದರಿಂದ ಭೀಮಮ್ಮನಿಗೆ ಪೂರ್ತಿ ಕೇಳಿಸಿತು. ಮುದುಕಿ ಮುಖ ಕೆಂಪಾಗಿ, "ಏ, ಹೋಗ್ರಿ" ಎಂದು ಕೈಯಲ್ಲಿದ್ದ ಜಾಳುಬಟ್ಟೆಯಿಂದ ಮುಖ ಮುಚ್ಚಿಕೊಂಡರು.

ಕಮಿಟಿ ಅಲ್ಲೇ ಬೆಂಚಿನ ಮೇಲೆ ಕೂತು ತೀರ್ಮಾನ ಮಾಡಿತು. ಮಾನಸಿಯ ಎರಡು ಕಂಬಗಳು, ಗಾಜಿಗೆ ದಪ್ಪನೆಯ ಪರದೆ. ಪ್ರಭುದಾಸರು ಕೊನೆಯವರೆಗೂ ಲಛ್ಮನ್‌ಭಾಯಿಯ ಪೆಟ್ಟಿಗೆಗಳ ಕಡೆ ಆಸೆಯಿಂದ ನೋಡುತ್ತಿದ್ದರು, ಆದರೆ ಕೈಯೆತ್ತಿದ್ದು ಕಂಬಗಳಿಗೇ. "ಎಂಟು ಬಂದ ಮ್ಯಾಲೆ ಏನ ಹೇಳೂದು" ಎಂದರು. ಲಛ್ಮನ್‌ಭಾಯಿ ಪೆಟ್ಟಿಗೆಗಳನ್ನು ಟೆಂಪೋಗೆ ಹತ್ತಿಸಿ, ಕೈ ಒರೆಸಿಕೊಂಡು ತಿರುಗಿ ಬಂದು, ಪರದೆ ಎಷ್ಟು ಅಗಲ, ಎಷ್ಟು ಎತ್ತರ ಎಂದು ವಿಚಾರಿಸಿದರು. ಅವರ ತಮ್ಮನದು ಪರದೆಯ ಅಂಗಡಿಯಂತೆ.

*

ಒಂದೂವರೆ ತಿಂಗಳು ಬಿಟ್ಟು ಅಶ್ಮಿತಾ ಮತ್ತೆ ಹೋದಳು. ಕರೆದಿದ್ದರು. ಕರೆಯದಿದ್ದರೂ ಹೋಗುತ್ತಿದ್ದಳೇನೋ. ಪೀಠದ ಎರಡೂ ಕಡೆ ಬಿಳಿ ಕಂಬಗಳು ಗೋಡೆಯೊಳಗೇ ಬೆರೆತು ನಿಂತಿದ್ದವು. ಹಿಂದೆ ಮಾವಿನ ಎಲೆ ಬಣ್ಣದ ಪರದೆ ನೆಲ ಮುಟ್ಟಿತ್ತು. ಹಾಡಿನ ಆ ಎದೆಯುಬ್ಬುವ ಗುಂಗು ಸ್ವಲ್ಪ ಕಡಿಮೆಯಾಗಿದೆ ಎನಿಸಿತು. ಅದು ಅವಳಿಗೆ ಸಣ್ಣ ನಷ್ಟದಂತೆಯೂ ಕಂಡಿತು. ಹಾಡಿಗೆ ಬೇಕಾದ ಕಟ್ಟಡ ಬೇರೆ, ಮಾತಿಗೆ ಬೇಕಾದ ಕಟ್ಟಡ ಬೇರೆ ಎಂದು ಅವಳು ಮೊದಲ ಬಾರಿ ಯೋಚಿಸಿದಳು. ಇದನ್ನು ಮಾನಸಿಯ ಹತ್ತಿರ ಕೇಳಬೇಕು.

ಬೋಧನೆ ಶುರುವಾಯಿತು. ಪಾದ್ರಿ ಒಂದು ವಾಕ್ಯ ಹೇಳಿ ನಿಂತರು. ಇನ್ನೊಂದು ಹೇಳಿ ನಿಂತರು. ಮರೆತು ಓಟ ಕಿತ್ತಾಗ ಎರಡನೇ ಸಾಲಿನಲ್ಲಿದ್ದ ಯಾರೋ ಕೆಮ್ಮಿದರು, ಅವರು ಮತ್ತೆ ನಿಧಾನವಾದರು. ಇಬ್ಬರು ಮಕ್ಕಳ ತಂದೆಯ ಕತೆ ಅದು. ತಂದೆಯ ಗದ್ದೆಯಲ್ಲಿ ದುಡಿದ ಹಿರಿಮಗ ಒಬ್ಬ, ಎಲ್ಲ ಹಾಳುಮಾಡಿ ತಿರುಗಿ ಬಂದ ಕಿರಿಮಗ ಒಬ್ಬ. ಕಿರಿಯವನು ಬಂದನೆಂದು ತಂದೆ ಔತಣ ಮಾಡಿಸಿದ್ದಕ್ಕೆ ಹಿರಿಯವನು ಸಿಟ್ಟಾಗಿ ಮನೆಯೊಳಗೆ ಬರಲೊಪ್ಪುವುದಿಲ್ಲ. ಭೀಮಮ್ಮ ಅದೇ ತುದಿಯಲ್ಲಿ, ಮೆಷಿನ್ನು ಹಾಕಿಕೊಂಡು, ಕಣ್ಣು ಪಾದ್ರಿಯ ಬಾಯಿಯ ಮೇಲಿಡದೆ ತಮ್ಮ ಕೈಗಳ ಮೇಲಿಟ್ಟು ಕೂತಿದ್ದರು. ಅಶ್ಮಿತಾ ಅದನ್ನು ಗಮನಿಸಿದಳು. ಬಾಯಿ ನೋಡದೆ ಕೇಳುತ್ತಿದ್ದಾರೆ.

ಮುಗಿದಮೇಲೆ ಹೊರಗೆ ಚಹಾ. "ಹೇಗುಂಟು ಅಮ್ಮ?" ಎಂದಳು.

"ಎಲ್ಲಾ ಕೇಳಸ್ತು" ಎಂದರು ಭೀಮಮ್ಮ. ಮುಖ ಮಾತ್ರ ಗಂಟಿಕ್ಕಿಕೊಂಡಿತ್ತು. "ಆದ್ರ ಅವರು ಹೇಳಿದ್ದು ತಪ್ಪು. ದುಡದ ಮಗಾ ಸಿಟ್ಟ ಮಾಡಿದ್ದು ಹೊಟ್ಟಿಕಿಚ್ಚು ಅಂದ್ರು. ಹೊಟ್ಟಿಕಿಚ್ಚು ಹೆಂಗಾತು? ನಾನೂ ಆರು ಮಕ್ಕಳಾಗ ದೊಡ್ಡಾಕಿ. ನನಗ ಗೊತ್ತೈತಿ. ಹಿಡಿ ಈ ಕಪ್ಪು."

ಚಹಾದ ಕಪ್ಪನ್ನು ಅಶ್ಮಿತಾಳ ಕೈಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಪಾದ್ರಿಯ ಕಡೆ ನಡೆದರು. ಪಾದ್ರಿ ಬಗ್ಗಿ ಕೇಳಿದರು, ಏನೋ ಹೇಳಿದರು. ಭೀಮಮ್ಮ ಬೆರಳೆತ್ತಿ ಇಲ್ಲವೆಂದರು. ಪಾದ್ರಿ ಕೈ ಬಿಡಿಸಿ ಮತ್ತೇನೋ ವಿವರಿಸಿದರು. ಪ್ರಭುದಾಸರೂ ಹೋಗಿ ಸೇರಿಕೊಂಡರು. ಹಿರಿಯ ಮಗ ಯಾಕೆ ಮನೆಯೊಳಗೆ ಬರಲಿಲ್ಲ ಎಂದು ಅಶ್ಮಿತಾಳಿಗೂ ಈಗ ತಿಳಿಯಬೇಕಿತ್ತು. ಎರಡು ಕಪ್ಪುಗಳನ್ನು ಚೆಲ್ಲದಂತೆ ಹಿಡಿದುಕೊಂಡು ಅವಳು ಆ ಮೂವರ ಹತ್ತಿರಕ್ಕೆ ಸರಿದಳು.